ಆದಿಲ್‌ಶಾಹಿ ಅಡುಗೆಮನೆಯ 'ಅಸಲಿ ರೆಸಿಪಿ'ಯಲ್ಲಿ ಟೊಮ್ಯಾಟೊ ಹೇಗೆ ಬಂತು?

'ವಿಜಯಪುರದ ಸುಲ್ತಾನರು ತಿನ್ನುತ್ತಿದ್ದ 500 ವರ್ಷ ಹಳೆಯ ಅಸಲಿ ರೆಸಿಪಿ. ಇದನ್ನು 40 ದಿನ ತಿಂದರೆ ಶುಗರ್ ಮಾಯ. ಕನಿಷ್ಠ ಹತ್ತು ಜನರಿಗೆ ಕಳಿಸಿ.'

ಇಂಥ ಫಾರ್ವರ್ಡ್ ನಿಮ್ಮ ಫೋನಿಗೂ ಒಂದಲ್ಲ ಒಂದು ರೂಪದಲ್ಲಿ ಬಂದಿರುತ್ತದೆ. ಮೇಲೆ ಗೋಳಗುಮ್ಮಟದ ಚಿತ್ರ, ಕೆಳಗೆ ಸಾಮಗ್ರಿಗಳ ಪಟ್ಟಿ. ಸುಲ್ತಾನರ ಜಾಗದಲ್ಲಿ ಕೆಲವೊಮ್ಮೆ ಚಾಲುಕ್ಯರು, ಕೆಲವೊಮ್ಮೆ ವಿಜಯನಗರದ ಅರಸರು ಇರುತ್ತಾರೆ. ಪಟ್ಟಿಯಲ್ಲಿ ಮಾತ್ರ ಹೆಚ್ಚು ಬದಲಾವಣೆ ಇರುವುದಿಲ್ಲ. ಒಣ ಮೆಣಸಿನಕಾಯಿ, ಟೊಮ್ಯಾಟೊ, ಬಟಾಟೆ, ಗೋಡಂಬಿ.

ಈ ನಾಲ್ಕೂ ಅಮೆರಿಕ ಖಂಡದವು. ಕೊಲಂಬಸ್ ಅತ್ತ ಹೋಗಿದ್ದು 1492ರಲ್ಲಿ. ಯೂಸುಫ್ ಆದಿಲ್‌ಶಾಹ ವಿಜಯಪುರದಲ್ಲಿ ಸ್ವತಂತ್ರ ಆಳ್ವಿಕೆ ಶುರು ಮಾಡಿದ್ದು ಅದಕ್ಕೂ ಒಂದೆರಡು ವರ್ಷ ಮೊದಲು. ಅಂದರೆ ಆತನ ಅಡುಗೆಯವನಿಗೆ ಈ ನಾಲ್ಕರ ಹೆಸರೂ ಗೊತ್ತಿರಲು ಸಾಧ್ಯವಿಲ್ಲ.

ರೆಸಿಪಿಯ ವಯಸ್ಸು ತಪ್ಪಾದರೆ ಯಾರಿಗೂ ಏನೂ ಆಗುವುದಿಲ್ಲ, ನಕ್ಕು ಬಿಡಬಹುದು. ಆದರೆ 'ಶುಗರ್ ಮಾಯ' ಎಂಬ ಸಾಲನ್ನು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದರೆ, ಅಥವಾ 'ಕರ್ಪೂರ ಹಾಕಿ' ಎಂಬ ಮಾತು ನೋಡಿ ದೇವರ ಮಾಡದಿಂದ ಕರ್ಪೂರದ ಡಬ್ಬಿ ತಂದರೆ, ಆಸ್ಪತ್ರೆ ಸೇರಬೇಕಾಗುತ್ತದೆ. ಹಾಗಾಗಿ ಎರಡನ್ನೂ ನೋಡೋಣ. ಹಳೆಯ ಅಡುಗೆ ನಿಜಕ್ಕೂ ಹೇಗಿತ್ತು? ಅದನ್ನು ಇಂದು ಮಾಡಹೊರಟರೆ ಎಲ್ಲಿ ಎಚ್ಚರ ಬೇಕು?

ಖಾನಾವಳಿಯ ಒಂದು ತಾಟು

ಪುಸ್ತಕ ತೆರೆಯುವ ಮೊದಲು ತಾಟು ನೋಡುವುದು ಸುಲಭ. ವಿಜಯಪುರದ ಯಾವುದೇ ಖಾನಾವಳಿಯಲ್ಲಿ ಊಟಕ್ಕೆ ಕುಳಿತರೆ ಬರುವುದು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಮೊಸರು. ಇದಕ್ಕಿಂತ 'ನಮ್ಮದು' ಎನ್ನಿಸುವ ಊಟ ಇನ್ನೊಂದಿಲ್ಲ. ಇದನ್ನು ಒಂಬೈನೂರು ವರ್ಷ ಹಿಂದಿನ ರೈತನೊಬ್ಬನ ಮುಂದಿಟ್ಟರೆ ಆತ ಯಾವುದನ್ನು ಗುರುತಿಸುತ್ತಾನೆ?

ಜೋಳವನ್ನು ಗುರುತಿಸುತ್ತಾನೆ. 'ಡೋಣಿ ಬೆಳೆದರ ಓಣಿಯೆಲ್ಲಾ ಜೋಳ' ಎಂದು ಇಂದಿಗೂ ಹೇಳುವ ಡೋಣಿ ನದಿ ಬಯಲಿನ ಎರಿ ಹೊಲಗಳಿಗೆ ಜೋಳ ತೀರಾ ಹಳೆಯ ನೆಂಟ. ಆದರೂ ಅದು ನೆಂಟನೇ. ಜೋಳದ ತವರು ಆಫ್ರಿಕಾ. ಸುಡಾನ್ ಕಡೆಯ ಜನ ಅದನ್ನು ಮೊದಲು ಬೆಳೆ ಮಾಡಿಕೊಂಡರು, ಭಾರತಕ್ಕೆ ಅದು ಸುಮಾರು 4000 ವರ್ಷಗಳ ಹಿಂದೆ ಬಂತು. ಇಂದು ನಮ್ಮ ಹೊಲಗಳಲ್ಲಿ ಹೆಸರಾದ ಮಾಲದಂಡಿ ಕಳೆದ ಶತಮಾನದಲ್ಲಿ ಆಯ್ದು ಬೆಳೆಸಿದ ತಳಿ.

ಬದನೆಕಾಯಿ ಇಲ್ಲಿಯದೇ. ಕಡಲೆ, ಉಳ್ಳಾಗಡ್ಡಿ, ಮೆಂತ್ಯ ಇವು ಪಶ್ಚಿಮ ಮತ್ತು ಮಧ್ಯ ಏಷ್ಯಾ ಕಡೆಯಿಂದ ಬಹಳ ಹಿಂದೆಯೇ ಬಂದು ನೆಲೆಯಾದವು, ಅವನಿಗೆ ಅವೂ ಪರಿಚಿತ. ಮೊಸರಿನ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಶೇಂಗಾ ಚಟ್ನಿಗೆ ಬಂದಾಗ ಆತ ನಿಲ್ಲುತ್ತಾನೆ. ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಅದಿಲ್ಲದೆ ನಮ್ಮ ಎಣ್ಣೆಗಾಯಿಯೂ ಇಲ್ಲ, ಶೇಂಗಾ ಹೋಳಿಗೆಯೂ ಇಲ್ಲ, ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಯೂ ಇಲ್ಲ. ಇನ್ನು ಕೆಂಪು ಖಾರ ಬಾಯಿಗೆ ಬಿದ್ದರೆ ಅವನ ಗತಿ ಏನಾಗುತ್ತಿತ್ತೋ! ಮೆಣಸಿನಕಾಯಿ ಭಾರತಕ್ಕೆ ಬಂದಿದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗುಗಳಲ್ಲಿ.

ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಿಲ್ಲ, ನಮ್ಮ ಭಾಷೆಯಲ್ಲೇ ಇದೆ. ಕನ್ನಡದಲ್ಲಿ 'ಮೆಣಸು' ಎಂದರೆ ಮೊದಲಿಗೆ ಕಪ್ಪು ಕಾಳು ಮಾತ್ರ. ಹೊಸ ಖಾರದ ಕಾಯಿ ಬಂದಾಗ ಜನ ಅದಕ್ಕೆ ಹಳೆಯ ಹೆಸರನ್ನೇ ಸ್ವಲ್ಪ ತಿದ್ದಿ 'ಮೆಣಸಿನಕಾಯಿ' ಎಂದರು. ಆಮೇಲೆ ಹೊಸದು ಎಷ್ಟು ಮನೆಮಾತಾಯಿತೆಂದರೆ, ಹಳೆಯದನ್ನೇ 'ಕರಿಮೆಣಸು', 'ಕಾಳುಮೆಣಸು' ಎಂದು ಬಿಡಿಸಿ ಹೇಳಬೇಕಾಯಿತು. ನಮ್ಮ ಕಡೆಯ 'ಬಟಾಟೆ'ಯೂ ಪೋರ್ಚುಗೀಸ್ ಮಾತಿನದೇ ರೂಪ. ಪೇರಲ ಎಂಬ ಹೆಸರೂ ಆ ಕಡೆಯಿಂದಲೇ ಬಂದದ್ದು.

ಎಣ್ಣೆಯಲ್ಲೂ ಇದೇ ಕಥೆ. ಕುಸುಬಿ ಎಣ್ಣೆ ಹಳೆಯದು. ಸೂರ್ಯಕಾಂತಿ ಅಮೆರಿಕದ್ದು, ಎಣ್ಣೆಗಾಗಿ ಅದನ್ನು ನಮ್ಮ ಹೊಲಗಳಲ್ಲಿ ದೊಡ್ಡ ಮಟ್ಟದಲ್ಲಿ ಬಿತ್ತಿದ್ದು 1970ರ ದಶಕದಿಂದೀಚೆಗೆ. ಟಿಕೋಟಾ ಸುತ್ತಲಿನ ದ್ರಾಕ್ಷಿ ತೋಟಗಳನ್ನು ತೋರಿಸಿ 'ಸುಲ್ತಾನರ ಕಾಲದ ದ್ರಾಕ್ಷಿ' ಎಂದು ಯಾರಾದರೂ ಹೇಳಿದರೂ ಅಷ್ಟೇ. ದ್ರಾಕ್ಷಿ ಎಂಬ ಹಣ್ಣು ಭಾರತಕ್ಕೆ ಹಳೆಯದು ನಿಜ. ಆದರೆ ಇಲ್ಲಿ ಒಣದ್ರಾಕ್ಷಿಗೆ ಹೆಸರಾದ ಥಾಮ್ಸನ್ ಸೀಡ್‌ಲೆಸ್‌ಗೆ ಆ ಹೆಸರು ಕೊಟ್ಟಿದ್ದು 19ನೇ ಶತಮಾನದ ಕ್ಯಾಲಿಫೋರ್ನಿಯಾ.

ವಿಜಯಪುರದಿಂದ ಆಗ್ರಾಕ್ಕೆ ಹೋದ ಒಂದು ಹೊಸ ಚಟ

ಹೊಸ ಬೆಳೆಗಳು ಈ ಊರಿಗೆ ಹೇಗೆ ಬರುತ್ತಿದ್ದವು ಎಂಬುದಕ್ಕೆ ಒಂದು ಗಟ್ಟಿ ದಾಖಲೆ ಇದೆ. ಅದು ಊಟದ್ದಲ್ಲ, ತಂಬಾಕಿನದು. ಅಕ್ಬರನ ದೂತ ಅಸದ್ ಬೇಗ್ 1603-04ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಬಂದ. ಇಲ್ಲಿ ಮೊದಲ ಬಾರಿ ತಂಬಾಕು ಕಂಡು, ರತ್ನ ಕೂರಿಸಿದ ಹುಕ್ಕಾ ಮಾಡಿಸಿ ಆಗ್ರಾಕ್ಕೆ ಒಯ್ದ. ಅಕ್ಬರ್ ಸೇದಿ ನೋಡಿದ, ವೈದ್ಯರು ಬೇಡವೆಂದರು. ಇದನ್ನೆಲ್ಲ ಆತನೇ ಬರೆದಿಟ್ಟಿದ್ದಾನೆ. (ಚಟದ ವಿಷಯದಲ್ಲಿ ಆ ವೈದ್ಯರ ಮಾತು ಕೇಳಬೇಕಿತ್ತು.)

ಉತ್ತರದಲ್ಲಿ ಕಾಣದ ಅಮೆರಿಕದ ಎಲೆ ವಿಜಯಪುರದಲ್ಲಿ ಮೊದಲೇ ಸಿಗಲು ಕಾರಣ ಗೋವಾ. 1510ರಲ್ಲಿ ಪೋರ್ಚುಗೀಸರು ಕಿತ್ತುಕೊಳ್ಳುವವರೆಗೆ ಗೋವಾ ಆದಿಲ್‌ಶಾಹಿಗಳದೇ ಬಂದರು. ಆಮೇಲೂ ವ್ಯಾಪಾರ ನಿಲ್ಲಲಿಲ್ಲ. ಹಾಗಾಗಿ 'ಆದಿಲ್‌ಶಾಹಿ ಅಡುಗೆ' ಎಂದರೆ ಒಂದೇ ಅಡುಗೆ ಅಲ್ಲ. 1490ರ ಅರಮನೆಯ ಒಲೆಗೆ ಮೆಣಸಿನಕಾಯಿ ತಲುಪಿರಲಿಲ್ಲ. 1686ರಲ್ಲಿ ಔರಂಗಜೇಬ್ ಕೋಟೆ ಗೆಲ್ಲುವ ಹೊತ್ತಿಗೆ ಅಡುಗೆಮನೆಯೇ ಬೇರೆಯಾಗಿತ್ತು. ಫಾರ್ವರ್ಡ್‌ನಲ್ಲಿ ಯಾವ ಸುಲ್ತಾನ, ಯಾವ ವರ್ಷ ಎಂದು ಇಲ್ಲದಿದ್ದರೆ 'ಆ ಕಾಲದ' ಎಂಬ ಮಾತಿಗೆ ಅರ್ಥವೇ ಇಲ್ಲ. ಟೊಮ್ಯಾಟೊವಂತೂ ಆ ಎರಡು ಶತಮಾನಗಳಲ್ಲಿ ಎಲ್ಲೂ ಕೂರುವುದಿಲ್ಲ. ಅದು ಮತ್ತು ಬಟಾಟೆ ನಮ್ಮ ಅಡುಗೆಮನೆಗಳಲ್ಲಿ ಸಾಮಾನ್ಯವಾದದ್ದು ಬ್ರಿಟಿಷರ ಕಾಲದಲ್ಲಿ.

ನಿಜವಾದ ಪುಸ್ತಕಗಳು

ಬೇಸರಪಡಬೇಕಿಲ್ಲ. ಕನ್ನಡ ನಾಡಿನಲ್ಲಿ ಮಧ್ಯಯುಗದ ಅಡುಗೆಯ ಬರವಣಿಗೆ ಸುಳ್ಳು ರೆಸಿಪಿ ಕಟ್ಟುವ ಅಗತ್ಯವೇ ಇಲ್ಲದಷ್ಟು ಇದೆ. ಅದರಲ್ಲಿ ಮೂರು ಪುಸ್ತಕ ಮುಖ್ಯ.

ಮೊದಲನೆಯದು 'ಲೋಕೋಪಕಾರ', ಕ್ರಿ.ಶ. 1025. ಬರೆದವನು ಎರಡನೇ ಚಾವುಂಡರಾಯ, ಕಲ್ಯಾಣ ಚಾಲುಕ್ಯರ ಎರಡನೇ ಜಯಸಿಂಹನ ಕಾಲದವನು. ಕನ್ನಡದಲ್ಲಿದೆ. ಬೇಸಾಯ, ಬಾವಿಗೆ ನೀರು ಹುಡುಕುವುದು, ಸುಗಂಧ, ಔಷಧಿ, ಶಕುನ, ಎಲ್ಲದರ ಜೊತೆ ಅಡುಗೆಯೂ ಇರುವ ಮನೆವಾರ್ತೆಯ ಗ್ರಂಥ.

ಎರಡನೆಯದು 'ಮಾನಸೋಲ್ಲಾಸ', ಕ್ರಿ.ಶ. 1129. ಇದನ್ನು ಬರೆದವನು ದೊರೆಯೇ, ಕಲ್ಯಾಣದ ಮೂರನೇ ಸೋಮೇಶ್ವರ. ಸಂಸ್ಕೃತದಲ್ಲಿದೆ. ಅರಸನ ಸುಖಗಳನ್ನು ವಿವರಿಸುವ ಭಾಗದಲ್ಲಿ 'ಅನ್ನಭೋಗ' ಎಂಬ ಅಧ್ಯಾಯ ಬರುತ್ತದೆ. ಇಂದಿನ ವಿಜಯಪುರ ಸೀಮೆ ಆಗ ತರ್ದವಾಡಿ ನಾಡು ಎಂಬ ಹೆಸರಿನಲ್ಲಿ ಆತನ ರಾಜ್ಯದೊಳಗೇ ಇತ್ತು. ಹಾಗಾಗಿ ಈ ಊರಿಗೆ ಹತ್ತಿರದ ಹಳೆಯ ಅಡುಗೆ ಪುಸ್ತಕ ಬೇಕೆಂದರೆ ಇದೇ. ಉದ್ದಿನ ವಡೆಗಳು, ಅವನ್ನು ಹಾಲಿನಲ್ಲಿ ನೆನೆಸುವ ಕ್ರಮ, ಐದು ಬೇಳೆಗಳ ಹಿಟ್ಟಿನ 'ವಿದಳಪಾಕ', ಮಗುಚಿಟ್ಟ ಮಡಕೆಯ ಮೇಲೆ ಬೇಯಿಸುವ 'ಮಂಡಕ', ಎಲ್ಲವೂ ಇದರಲ್ಲಿವೆ. ಮಂಡಕ ಎಂದರೆ ಬೆಳಗಾವಿ ಕಡೆ ಇಂದೂ ಮಾಡುವ ಮಂಡಿಗೆಯ ಪೂರ್ವಜ. ಮಾಂಸದ ಅಡುಗೆಗಳೂ ಧಾರಾಳ. ಆಡು, ಹಂದಿ, ಮೀನು, ಆಮೆ, ಏಡಿ, ಕೊನೆಗೆ ನದಿದಂಡೆಯ ಹೊಲದ ಇಲಿಯವರೆಗೆ! 'ನಮ್ಮ ಪೂರ್ವಜರೆಲ್ಲ ಶುದ್ಧ ಸಸ್ಯಾಹಾರಿಗಳು' ಎಂಬ ಫಾರ್ವರ್ಡ್‌ಗೆ ಈ ದೊರೆಯ ಊಟವೇ ಉತ್ತರ.

ಮೂರನೆಯದು ಮೂರನೇ ಮಂಗರಸನ 'ಸೂಪಶಾಸ್ತ್ರ', ಕ್ರಿ.ಶ. 1508. ಕನ್ನಡ ಷಟ್ಪದಿಯಲ್ಲಿದೆ. ಮಂಗರಸ ಜೈನನಾದ್ದರಿಂದ ಎಲ್ಲವೂ ಸಸ್ಯಾಹಾರ. ಹಿಟ್ಟಿನ ತಿನಿಸು, ಪಾನಕ, ಅನ್ನ-ಪಾಯಸ, ಹಲಸು, ಬಾಳೆ ಹೀಗೆ ವಿಂಗಡಿಸಿ ಬರೆದಿದ್ದಾನೆ. ಬದನೆಕಾಯಿಗೇ ಒಂದು ಅಧ್ಯಾಯ ಕೊಟ್ಟಿರುವುದು ನಮಗೆ ಬಹಳ ಮೆಚ್ಚುಗೆಯಾದ ಸಂಗತಿ.

'ಸುಲ್ತಾನರ ಅಡುಗೆ ಪುಸ್ತಕ' ಎಂದು ಚಿತ್ರ ಸಮೇತ ಹರಿದಾಡುವುದು ಬಹುತೇಕ 'ನಿಮತ್‌ನಾಮಾ'. ಅದು ವಿಜಯಪುರದ್ದಲ್ಲ. ಮಧ್ಯಪ್ರದೇಶದ ಮಾಂಡೂವಿನಲ್ಲಿ ಆಳಿದ ಘಿಯಾಸ್ ಶಾಹ ಮತ್ತು ಆತನ ಮಗನಿಗಾಗಿ 1500ರ ಆಸುಪಾಸಿನಲ್ಲಿ ಬರೆದದ್ದು, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲೂ ಮೆಣಸಿನಕಾಯಿ ಇಲ್ಲ.

ಒಂದು ಮಾತು ನೆನಪಿರಲಿ. ಇವೆಲ್ಲ ಅರಮನೆಯ ಮತ್ತು ಉಳ್ಳವರ ಪುಸ್ತಕಗಳು. ಬಬಲೇಶ್ವರದ ಹೊಲದಲ್ಲಿ ದುಡಿಯುತ್ತಿದ್ದವರು ಏನು ತಿಂದರೆಂದು ಸೋಮೇಶ್ವರ ಬರೆಯಲಿಲ್ಲ. ಅದಕ್ಕೆ ಪುಸ್ತಕಕ್ಕಿಂತ ನುಚ್ಚು-ಮಜ್ಜಿಗೆ, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗಿನ ಬುತ್ತಿ ಹೆಚ್ಚು ಹೇಳುತ್ತವೆ. ಮಳೆ ಕೈಕೊಟ್ಟ ವರ್ಷ ಅದೂ ಇರುತ್ತಿರಲಿಲ್ಲ.

ಸಾವಿರ ವರ್ಷ ಹಿಂದಿನ ಇಡ್ಲಿ

ಮಾಡಿ ನೋಡಲು ನಾವು ಆರಿಸಿಕೊಂಡದ್ದು ಇಡ್ಲಿ. ಇದರ ಬಗ್ಗೆಯೂ ಒಂದು ಫಾರ್ವರ್ಡ್ ಇದೆ, 'ಇಡ್ಲಿ ಇಂಡೋನೇಷ್ಯಾದಿಂದ ಬಂದದ್ದು' ಎಂದು. ಆಹಾರ ಇತಿಹಾಸಕಾರ ಕೆ.ಟಿ. ಅಚಯ ಅವರು ಮುಂದಿಟ್ಟ ಒಂದು ಊಹೆ ಅದು. ಹುದುಗಿಸಿ, ಹಬೆಯಲ್ಲಿ ಬೇಯಿಸುವ ಕ್ರಮ ಅಲ್ಲಿಂದ ಬಂದಿರಬಹುದು ಎಂದು ಅವರು ಭಾವಿಸಿದ್ದರು. ಊಹೆ ಫೋನಿನಿಂದ ಫೋನಿಗೆ ಹೋಗುತ್ತ 'ಸತ್ಯ'ವಾಗಿಬಿಟ್ಟಿದೆ. ಹೆಸರಿನ ಮಟ್ಟಿಗೆ ಹೇಳುವುದಾದರೆ 'ಇಡ್ಡಲಿಗೆ' ಕನ್ನಡದಲ್ಲಿ ಕ್ರಿ.ಶ. 920ರ ಆಸುಪಾಸಿನ 'ವಡ್ಡಾರಾಧನೆ'ಯಲ್ಲೇ ಸಿಗುತ್ತದೆ.

ಆದರೆ ಆ ಇಡ್ಡಲಿಗೆ ನಮ್ಮ ಇಡ್ಲಿಯಲ್ಲ. ಲೋಕೋಪಕಾರದ ಪ್ರಕಾರ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಬೇಕು, ನುಣ್ಣಗೆ ಅರೆಯಬೇಕು, ಮೊಸರಿನ ಮೇಲಿನ ತಿಳಿನೀರು ಬೆರೆಸಿ ಕೊತ್ತಂಬರಿ, ಜೀರಿಗೆ, ಮೆಣಸು, ಇಂಗು ಸೇರಿಸಬೇಕು. ಮಾನಸೋಲ್ಲಾಸದ 'ಇಡ್ಡರಿಕಾ' ಕೂಡ ಉದ್ದಿನದೇ. ಅಕ್ಕಿ ಎರಡರಲ್ಲೂ ಇಲ್ಲ. ಅಳತೆಯೂ ಇಲ್ಲ. ಹಳೆಯ ಅಡುಗೆ ಗ್ರಂಥಗಳ ತೊಂದರೆಯೇ ಇದು. ಅವು ಕೆಲಸ ಬಲ್ಲವರಿಗಾಗಿ ಬರೆದವು, 'ಬೇಕಾದಷ್ಟು' ಎಂದರೆ ಅಡುಗೆಯವನಿಗೆ ಗೊತ್ತಾಗುತ್ತಿತ್ತು. ನಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಕೆಳಗಿನ ಅಳತೆ ನಮ್ಮದು, ಚಾವುಂಡರಾಯನದಲ್ಲ.

ಕಾಲು ಕಿಲೋ ಉದ್ದಿನಬೇಳೆಯನ್ನು ತೆಳು ಮಜ್ಜಿಗೆಯಲ್ಲಿ ಐದಾರು ತಾಸು ನೆನೆಸಿದೆವು. ಅರೆದು, ಮೊಸರಿನ ತಿಳಿ ಹಾಕಿ ವಡೆ ಹಿಟ್ಟಿಗಿಂತ ತುಸು ಸಡಿಲ ಮಾಡಿದೆವು. ಕುಟ್ಟಿದ ಮೆಣಸು ಒಂದು ಚಮಚ, ಜೀರಿಗೆ ಒಂದು ಚಮಚ, ಕೊತ್ತಂಬರಿ ಬೀಜ ಎರಡು ಚಮಚ, ಚಿಟಿಕೆ ಇಂಗು, ಉಪ್ಪು. ಅರ್ಧವನ್ನು ಕೂಡಲೇ ಹಬೆಯಲ್ಲಿ ಬೇಯಿಸಿದೆವು, ಉಳಿದರ್ಧವನ್ನು ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಬೇಯಿಸಿದೆವು.

ಮೊದಲನೆಯದು ಗಟ್ಟಿ, ಜಿಗುಟು. ಚಾಕುವಿಗೆ ಅಂಟುತ್ತದೆ. ಎರಡನೆಯದು ಚೆನ್ನಾಗಿ ಉಬ್ಬಿತು, ಆದರೆ ಒಲೆಯಿಂದ ಇಳಿಸಿದ ಮೇಲೆ ನಡು ಕುಸಿಯಿತು. ರುಚಿ ಮಾತ್ರ ಎರಡರದ್ದೂ ಒಂದೇ, ಎಣ್ಣೆ ಕಾಣದ ವಡೆ! ಬಿಸಿ ಇರುವಾಗಲೇ ಮೇಲೆ ತುಪ್ಪ ಬಿಟ್ಟರೆ ಬೆಣ್ಣೆಯಂತೆ ಇಳಿಯುತ್ತದೆ. ಆರಿದರೆ ರಬ್ಬರಿನಂತಾಗುತ್ತದೆ.

ಹೀಗೇಕೆ? ಉದ್ದಿನಲ್ಲಿ ಲೋಳೆಯಂಥ ಒಂದು ಶರ್ಕರ ಪದಾರ್ಥವೂ ನೊರೆ ಕಟ್ಟುವ ಪ್ರೋಟೀನ್‌ಗಳೂ ಇವೆ. ನೆನೆಸಿದ ಬೇಳೆಯಲ್ಲೇ ಇರುವ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಹಿಟ್ಟಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮತ್ತು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಲೋಳೆ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಟ್ಟು ಉಬ್ಬುತ್ತದೆ. ಆದರೆ ಗುಳ್ಳೆಗಳಿಗೆ ಗೋಡೆಯಾಗಿ ನಿಲ್ಲಲು ಅಕ್ಕಿ ರವೆಯ ಪಿಷ್ಟ ಬೇಕು. ಅದಿಲ್ಲದ್ದರಿಂದ ನಡು ಕುಸಿಯಿತು. ಅಕ್ಕಿ ಸೇರಿಸಿದ್ದು ಯಾರೋ ಹೆಸರಿಲ್ಲದ ಅಡುಗೆಯವರು, ನಮ್ಮ ಪ್ರಕಾರ ಇಡ್ಲಿಯ ಇತಿಹಾಸದ ದೊಡ್ಡ ಆವಿಷ್ಕಾರ ಅದೇ.

ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಮಾಡುವವರು ರಾತ್ರಿಯಿಡೀ ಇಡಬೇಡಿ, ಮೂರು-ನಾಲ್ಕು ತಾಸು ಸಾಕು. ಹಿಟ್ಟಿನ ಮೇಲೆ ಬಣ್ಣದ ಬೂಷ್ಟು ಕಂಡರೆ 'ಹಳೆಯ ಕಾಲದಲ್ಲಿ ಹೀಗೇ ಇರುತ್ತಿತ್ತು' ಎಂದುಕೊಳ್ಳದೆ ಚೆಲ್ಲಿಬಿಡಿ.

'ಹಿಂದಿನವರಿಗೆ ಶುಗರ್ ಇರಲಿಲ್ಲ'

ಇರಲಿಲ್ಲ ಎನ್ನುವುದು ತಪ್ಪು. ಚರಕ, ಸುಶ್ರುತ ಸಂಹಿತೆಗಳಲ್ಲೇ ಪ್ರಮೇಹ, ಮಧುಮೇಹಗಳ ವಿವರಣೆ ಇದೆ. ಮೂತ್ರಕ್ಕೆ ಇರುವೆ ಮುತ್ತುವುದನ್ನೂ ಆ ವೈದ್ಯರು ಗಮನಿಸಿದ್ದರು. ದಿನವಿಡೀ ದುಡಿಯುವ ಮೈಗಳಲ್ಲಿ ಅದು ಕಡಿಮೆ ಇದ್ದಿರಬಹುದು, ರೊಟ್ಟಿಯೇ ಔಷಧಿಯಾಗಿತ್ತು ಎಂದು ಅದರಿಂದ ಹೇಳಲಾಗದು.

ಲೆಕ್ಕ ನೋಡಿ. ಭಾರತೀಯ ಆಹಾರ ಸಂಯೋಜನೆ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್, 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ 78, ನಾರು 3ರ ಆಸುಪಾಸು. ಅಕ್ಕಿಗಿಂತ ಜೋಳ ಒಳ್ಳೆಯದು ಎಂಬುದು ಸರಿ. ಆದರೆ ಗೋಧಿ ಹಿಟ್ಟಿಗೆ ಹೋಲಿಸಿದರೆ ವ್ಯತ್ಯಾಸ ಅಷ್ಟೇನೂ ಇಲ್ಲ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿ ಎಂದರೆ 34 ಗ್ರಾಂ ಕಾರ್ಬೋಹೈಡ್ರೇಟ್, ನಾಲ್ಕು ತಿಂದರೆ 136 ಗ್ರಾಂ. 'ಜೋಳ ತಾನೇ' ಎಂದು ಎಣಿಸದೆ ತಿಂದರೆ ಶುಗರ್ ಏರುತ್ತದೆ.

ಬೆಲ್ಲದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಹಳೆಯ ಪಾನಕ, ಹೂರಣಗಳಿಗೆ ಬೆಲ್ಲ ಹಾಕುತ್ತಿದ್ದರು, ಆದ್ದರಿಂದ ಅದು ಮಧುಮೇಹಿಗಳಿಗೆ ಸುರಕ್ಷಿತ ಎಂಬ ವಾದ. ಬೆಲ್ಲದ ಬಹುಪಾಲು ಸಕ್ಕರೆಯೇ, ಅದೇ ಸುಕ್ರೋಸ್. ಜೊತೆಗೆ ಇರುವ ಖನಿಜಗಳು ರಕ್ತದ ಸಕ್ಕರೆಯನ್ನು ತಡೆಯುವುದಿಲ್ಲ.

ಖಪಲಿ ಗೋಧಿಯನ್ನೂ ಈಗ 'ಪ್ರಾಚೀನ ಗೋಧಿ' ಎಂದು ಹೆಚ್ಚು ಬೆಲೆಗೆ ಮಾರುತ್ತಾರೆ. ಅದು ಹಳೆಯ ತಳಿ ಎಂಬುದು ನಿಜ. ಗಿಡ್ಡ ಗೋಧಿ ತಳಿಗಳು ಬಂದದ್ದು 1960ರ ದಶಕದಲ್ಲಿ, ಹಾಗಾಗಿ ಮಂಡಿಗೆಯನ್ನು ಹಳೆಯ ರೀತಿಯಲ್ಲಿ ಮಾಡುವವರು ಖಪಲಿ ತಂದರೆ ಸರಿಯೇ. ಆದರೆ ಅದರಲ್ಲಿ 'ಗ್ಲುಟನ್ ಇಲ್ಲ' ಎಂಬುದು ಸುಳ್ಳು. ಸೀಲಿಯಾಕ್ ಕಾಯಿಲೆ ಇರುವವರು ಅದನ್ನು ಮುಟ್ಟಬಾರದು. ಅವರಿಗೆ ಜೋಳ, ಸಜ್ಜೆ ಆಗುತ್ತದೆ.

ಅರಮನೆಯ ಅಳತೆ ಹೇಗಿತ್ತೆಂದು ತಿಳಿಯಬೇಕಾದರೆ ಅಬುಲ್ ಫಜಲನ 'ಐನ್-ಇ-ಅಕ್ಬರಿ' ನೋಡಿ. ಅದರ ಕಿಚಡಿಗೆ ಅಕ್ಕಿ, ಹೆಸರುಬೇಳೆ, ತುಪ್ಪ ಮೂರೂ ಐದೈದು ಸೇರು. ಆಗಿನ ಒಂದು ಸೇರು ಇಂದಿನ ಅರ್ಧ ಕಿಲೋಗಿಂತ ತುಸು ಹೆಚ್ಚು. ಬೇಳೆಯಷ್ಟೇ ತುಪ್ಪ! ಒಮ್ಮೆ ಕುತೂಹಲಕ್ಕೆ ರುಚಿ ನೋಡಬಹುದು, 40 ದಿನ ತಿನ್ನುವ ಊಟವಲ್ಲ.

ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸಿ ಇಂಥ ಯಾವುದನ್ನೂ ಪ್ರಯೋಗ ಮಾಡಬೇಡಿ. ಟೈಪ್ 1 ಮಧುಮೇಹದ ಮಕ್ಕಳಿಗೆ ಇನ್ಸುಲಿನ್ ತಪ್ಪಿದರೆ ಒಂದೆರಡು ದಿನದಲ್ಲೇ ರಕ್ತ ಆಮ್ಲೀಯವಾಗಿ ಪ್ರಾಣಕ್ಕೆ ಅಪಾಯ ಬರುತ್ತದೆ. ಈ ಸಾಲನ್ನು ಮಾತ್ರ ಧಾರಾಳವಾಗಿ ಫಾರ್ವರ್ಡ್ ಮಾಡಿ.

ಹೆಸರು ಹಳೆಯದು, ವಸ್ತು ಬೇರೆ

ಹಳೆಯ ಅಡುಗೆ ಮಾಡುವವರು ನಿಜವಾಗಿ ಹೆದರಬೇಕಾದ್ದು ಕರ್ಪೂರಕ್ಕೆ. ಮಧ್ಯಯುಗದ ಪಾನಕ, ಪಾಯಸ, ಎಲೆಅಡಿಕೆ ಎಲ್ಲಕ್ಕೂ ಅದರ ಪರಿಮಳ ಬೇಕಿತ್ತು. ಆ ಕರ್ಪೂರ ಸುಮಾತ್ರಾ, ಬೋರ್ನಿಯೊ ಕಡೆಯ ಮರದೊಳಗೆ ಹರಳಾಗಿ ಸಿಗುತ್ತಿದ್ದ, ಬಂಗಾರದಂಥ ಬೆಲೆಯ ವಸ್ತು. ನಾವು ಪಚ್ಚಕರ್ಪೂರ ಎನ್ನುತ್ತೇವೆ. ಸಾಸಿವೆ ಕಾಳಿನಷ್ಟು ಹಾಕಿದರೆ ಒಂದು ಪಾತ್ರೆ ಪಾಯಸ ಘಮಘಮಿಸುತ್ತದೆ.

ಆರತಿಗೆ ಹಚ್ಚುವ ಬಿಲ್ಲೆ ಅದಲ್ಲ. ಅದನ್ನು ಕಾರ್ಖಾನೆಯಲ್ಲಿ ಟರ್ಪೆಂಟೈನ್ ಎಣ್ಣೆಯಿಂದ ತಯಾರಿಸುತ್ತಾರೆ, ತಿನ್ನಲು ಮಾಡಿದ್ದಲ್ಲ. ಸುಮಾರು ಒಂದು ಗ್ರಾಂ ಕರ್ಪೂರ ಹೊಟ್ಟೆ ಸೇರಿ ಎಳೆಯ ಮಗು ಸತ್ತ ಪ್ರಕರಣ ವೈದ್ಯಕೀಯ ದಾಖಲೆಯಲ್ಲಿದೆ. ನುಂಗಿದ ಕೆಲವೇ ನಿಮಿಷಗಳಲ್ಲಿ ವಾಂತಿ, ಆಮೇಲೆ ಫಿಟ್ಸ್ ಬರಬಹುದು. ಮಗು ನುಂಗಿದೆ ಎಂದು ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗಬೇಡಿ, ಡಬ್ಬಿಯನ್ನೂ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ. ಪಚ್ಚಕರ್ಪೂರ ಕೂಡ ಎಳೆ ಮಕ್ಕಳಿಗೆ, ಫಿಟ್ಸ್ ಇರುವವರಿಗೆ, ಬಸುರಿಯರಿಗೆ ಬೇಡ. ಅದಿಲ್ಲದಿದ್ದರೆ ಪಾಯಸಕ್ಕೆ ಏಲಕ್ಕಿ ಸಾಕು, ದೊರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಇದೇ ರೀತಿ ಹೆಸರು ಮೋಸ ಮಾಡುವ ಇನ್ನೊಂದು ವಸ್ತು ಗೇರು. ಹಳೆಯ ಬರಹದ ಗೇರು ಎಂದರೆ ಗೋಡಂಬಿಯ ಗೇರಲ್ಲ, ಕರಿಗೇರು ಅಥವಾ ಭಲ್ಲಾತಕ. ಅದರ ಸಿಪ್ಪೆಯ ರಸ ತಗುಲಿದರೆ ಚರ್ಮದಲ್ಲಿ ಗುಳ್ಳೆ ಏಳುತ್ತವೆ.

ಜೇನುತುಪ್ಪ ಒಂದು ವರ್ಷದೊಳಗಿನ ಕೂಸಿಗೆ ನೆಕ್ಕಿಸಲೂ ಬೇಡ. ಅದರಲ್ಲಿರಬಹುದಾದ ಬೊಟುಲಿನಂ ಬೀಜಾಣುಗಳು ಕೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ. ದೊಡ್ಡವರಿಗೆ ಆ ತೊಂದರೆ ಇಲ್ಲ.

ಇನ್ನು ಪಾತ್ರೆ. ಅಟ್ಟದಿಂದ ಇಳಿಸಿದ ಅಜ್ಜಿಯ ಕಾಲದ ತಾಮ್ರ-ಹಿತ್ತಾಳೆ ಪಾತ್ರೆಯಲ್ಲಿ ಹಳೆಯ ಅಡುಗೆ ಮಾಡಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಕಲಾಯಿ ಸರಿಯಾಗಿದ್ದರೆ ಮಾಡಿ. ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಹುಳಿ, ಮಜ್ಜಿಗೆ ಹಾಕಿದರೆ ತಾಮ್ರ ಕರಗಿ ಹೊಟ್ಟೆಗೆ ಹೋಗುತ್ತದೆ, ವಾಂತಿ-ಹೊಟ್ಟೆನೋವು ಆಗುತ್ತದೆ. ಹಸಿರು ಕಿಲುಬು ಕಟ್ಟುವುದನ್ನು ನೀವು ನೋಡಿಯೇ ಇರುತ್ತೀರಿ. ಕಲಾಯಿ ಹಾಕಿಸುವಾಗ ಶುದ್ಧ ತವರ ಕೇಳಿ ಪಡೆಯಿರಿ. ಬೆಸುಗೆಯ ಸೀಸ ಬೆರೆಸಿದ ಕಲಾಯಿ ಅಗ್ಗ, ಆದರೆ ಸೀಸ ಮಕ್ಕಳ ಮಿದುಳಿಗೆ ವಿಷ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಆದ್ದರಿಂದ ಕಲಾಯಿ ಪಾತ್ರೆಯನ್ನು ಖಾಲಿ ಒಲೆಯ ಮೇಲೆ ಇಡಬೇಡಿ. ಇಷ್ಟೆಲ್ಲ ರಗಳೆ ಬೇಡವೆನ್ನುವವರಿಗೆ ಮಣ್ಣಿನ ಮಡಕೆ ಇದೆ. ಹೊಳಪಿನ ಬಣ್ಣ ಬಳಿದದ್ದು ಬೇಡ, ಸಾದಾ ಮಡಕೆ ಸಾಕು.

ಟಿಕೋಟಾದ ಒಣದ್ರಾಕ್ಷಿ ಬಳಸುವವರಿಗೆ ಒಂದು ಸಣ್ಣ ಮಾತು. ಬೇಗ ಒಣಗಲೆಂದು ಗೊಂಚಲುಗಳನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಅದ್ದುವ ಎಣ್ಣೆಯ ದ್ರಾವಣದಲ್ಲಿ ಮುಳುಗಿಸಿ ಶೆಡ್ಡಿನ ನೆರಳಲ್ಲಿ ಸುಮಾರು ಎರಡು ವಾರ ಒಣಗಿಸುತ್ತಾರೆ. ಬಣ್ಣ ಹೊಳೆಯಲು ಗಂಧಕದ ಹೊಗೆ ಕೊಡುವುದೂ ಉಂಟು. ಇದು ವಿಷವಲ್ಲ, ತೊಳೆದು ಬಳಸಿ. ಅಸ್ತಮಾ ಇರುವ ಕೆಲವರಿಗೆ ಗಂಧಕದ ಹೊಗೆ ಕೊಟ್ಟದ್ದು ಆಗಿಬರುವುದಿಲ್ಲ. ಅವರು ಕಂದು ಬಣ್ಣದ್ದನ್ನು ಕೇಳಿ ತರಬಹುದು.

ಮೆಣಸಿನಕಾಯಿ ಇಲ್ಲದ ಎಣ್ಣೆಗಾಯಿ

ಮನೆಯಲ್ಲಿ ಅಪಾಯವಿಲ್ಲದೆ ಮಾಡಬಹುದಾದದ್ದು ಇದು. ಯಾವ ಗ್ರಂಥದಿಂದಲೂ ತೆಗೆದದ್ದಲ್ಲ. ಇಂದಿನ ಎಣ್ಣೆಗಾಯಿಯಿಂದ ಅಮೆರಿಕದ ಸಾಮಾನು ತೆಗೆದು, ಆ ಜಾಗಕ್ಕೆ ಆಗ ಇದ್ದದ್ದನ್ನು ಇಟ್ಟೆವು, ಅಷ್ಟೇ. ಇದನ್ನು 'ಅಸಲಿ' ಎಂದು ಯಾರಿಗೂ ಕಳಿಸಬೇಡಿ.

ಎಳೆಯ ಗುಂಡು ಬದನೆಕಾಯಿ ಅರ್ಧ ಕಿಲೋ. ಶೇಂಗಾ ಬದಲು ಹುರಿದ ಎಳ್ಳು ನಾಲ್ಕು ಚಮಚ, ಒಣಕೊಬ್ಬರಿ ಎರಡು ಚಮಚ. ಕೆಂಪು ಖಾರದ ಬದಲು ಕುಟ್ಟಿದ ಮೆಣಸು ಒಂದೂವರೆ ಚಮಚ ಮತ್ತು ಒಣಶುಂಠಿ ಅರ್ಧ ಚಮಚ. ಜೀರಿಗೆ, ಕೊತ್ತಂಬರಿ ಬೀಜ, ಅರಿಸಿನ, ಇಂಗು, ಉಪ್ಪು. ಟೊಮ್ಯಾಟೊ ಹಾಕುವವರು ಅದರ ಜಾಗಕ್ಕೆ ಹುಣಸೆಹುಳಿ, ಜೊತೆಗೆ ಚೂರು ಬೆಲ್ಲ. ಎಲ್ಲ ಅರೆದು ಕಾಯಿಗೆ ತುಂಬಿ, ಕುಸುಬಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಬೇಯಿಸಿ.

ಬಣ್ಣ ನೋಡಿ ಮನೆಯವರು ಮೊದಲು ಮೂಗು ಮುರಿಯುತ್ತಾರೆ, ಏಕೆಂದರೆ ಅದು ಕೆಂಪಗಿರುವುದಿಲ್ಲ, ಮಣ್ಣಿನ ಬಣ್ಣಕ್ಕಿರುತ್ತದೆ. ಖಾರವೂ ಬೇರೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯನ್ನು ಬಹಳ ಹೊತ್ತು ಸುಡುತ್ತದೆ. ಕಾಳುಮೆಣಸಿನ ಪೈಪರಿನ್ ಗಂಟಲ ಹಿಂದೆ ಬೆಚ್ಚಗೆ ಹತ್ತಿ ಬೇಗ ಇಳಿಯುತ್ತದೆ. ಮರುದಿನ ಬೆಳಿಗ್ಗೆ ಕಟಕ ರೊಟ್ಟಿಯ ಜೊತೆ ತಿಂದರೆ ಇನ್ನೂ ರುಚಿ. ಉಳಿದದ್ದನ್ನು ಹಳೆಯ ಕಾಲದವರಂತೆ ಗೂಡಿನಲ್ಲಿಡದೆ ಫ್ರಿಜ್ಜಿನಲ್ಲಿಡಿ.